ಬೆನ್ನಟ್ಟಿದವನ ಪತ್ರಗಳು

1800ರ ಮೇ ತಿಂಗಳು. ಮದ್ರಾಸ್ ಸರ್ಕಾರದ ಕಾರ್ಯದರ್ಶಿ ಜೋಸಿಯಾ ವೆಬ್, ಶ್ರೀರಂಗಪಟ್ಟಣದಲ್ಲಿದ್ದ ಒಬ್ಬ ಕರ್ನಲ್‌ಗೆ ಕಾಗದ ಬರೆದ. ಸಾರಾಂಶ ಇಷ್ಟೇ: ಧೋಂಡಿಯ ವಾಘ್ ಎಲ್ಲಿದ್ದರೂ ಬಿಡಬೇಡ, ಸಿಕ್ಕಿದ ಕೂಡಲೇ ಮೊದಲು ಕಾಣುವ ಮರಕ್ಕೆ ನೇಣು ಹಾಕು. ವಿಚಾರಣೆ, ಸಾಕ್ಷಿ, ಯಾವುದೂ ಇಲ್ಲ. ಆ ಕರ್ನಲ್‌ಗೆ ಆಗ 31 ವರ್ಷ. ಹೆಸರು ಆರ್ಥರ್ ವೆಲ್ಲೆಸ್ಲಿ. ಇದೇ ಮನುಷ್ಯ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ, 1814ರಲ್ಲಿ ಪ್ಯಾರಿಸ್‌ಗೆ ಬ್ರಿಟನ್ನಿನ ರಾಯಭಾರಿಯಾದ, 1815ರಲ್ಲಿ ವಿಯೆನ್ನಾ ಸಮಾವೇಶದಲ್ಲಿ ತನ್ನ ದೇಶದ ಪರವಾಗಿ ಕೂತ, ಅದೇ ವರ್ಷ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ, 1828ರಲ್ಲಿ ಪ್ರಧಾನಿಯೂ ಆದ. ಪಠ್ಯಪುಸ್ತಕದಲ್ಲಿ ಇಷ್ಟು ಇರುತ್ತೆ. ಇರದೇ ಇರೋದು ಏನಪ್ಪಾ ಅಂದ್ರೆ, ಅವನು ಬೆನ್ನಟ್ಟಿದ ಆ ಧೋಂಡಿಯ ಹುಟ್ಟಿದ್ದು ನಮ್ಮ ಚನ್ನಗಿರಿಯಲ್ಲಿ.

ನಾವು ಅಂದ್ರೆ ನಾಲ್ಕು ಜನ. ಹಬ್ಬದ ರಜೆಗೆ ದಾವಣಗೆರೆ ಬಸ್ಸು ಒಟ್ಟಿಗೆ ಹತ್ತುವವರು. ಕ್ಲಾಸಿನಲ್ಲಿ ನಮ್ಮ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ, ಉಳಿದ ಕಡೆಯೆಲ್ಲ ಊರೇ ಹೆಸರು. ಚನ್ನಗಿರಿ ಮೆಕ್ಯಾನಿಕಲ್, ಮನೆಯಲ್ಲಿ ಅಡಿಕೆ ತೋಟ. ಹೊನ್ನಾಳಿ ಸಿವಿಲ್, ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ನ್ಯಾಮತಿ ಕಂಪ್ಯೂಟರ್ ಸೈನ್ಸ್, ತಾಂಡಾದ ಹುಡುಗಿ. ಜಗಳೂರು ಎಲೆಕ್ಟ್ರಿಕಲ್, ಊರಿನ ಹೆಸರಿನ ಮೊದಲ ಮೂರಕ್ಷರಕ್ಕೆ ತಕ್ಕ ಸ್ವಭಾವ. ರಾಜ್ಯೋತ್ಸವದ ಪ್ರದರ್ಶನಕ್ಕೆ 'ನಮ್ಮೂರಿನ ಒಬ್ಬ ವ್ಯಕ್ತಿ' ಅಂತ ಒಂದು ಚಾರ್ಟ್ ಮಾಡಬೇಕಿತ್ತು. ಚನ್ನಗಿರಿ ತಡ ಮಾಡದೆ 'ಸ್ವಾತಂತ್ರ್ಯ ವೀರ ಧೋಂಡಿಯ ವಾಘ್' ಅಂತ ಶೀರ್ಷಿಕೆ ಬರೆದ. ಜಗಳೂರು ಅಷ್ಟೇ ಬೇಗ ಕೇಳಿದ, "ವೀರ ಅಂತ ಯಾರು ಹೇಳಿದ್ದು? ಹಳ್ಳಿ ಹಳ್ಳಿ ಲೂಟಿ ಹೊಡೆದೋನು ಅಲ್ವಾ?" ಅಲ್ಲಿಂದ ಮೂರು ದಿನ ಇಬ್ಬರೂ ಮಾತಾಡಲಿಲ್ಲ. ಚಾರ್ಟ್ ಗೋಡೆಗೆ ಒರಗಿಕೊಂಡು ನಿಂತಿತ್ತು. ಕೊನೆಗೆ ನ್ಯಾಮತಿಯೇ ದಾರಿ ತೋರಿಸಿದಳು. "ಇಬ್ಬರೂ ಕೇಳಿದ್ದನ್ನೇ ಹೇಳ್ತಿದೀರ. ಅವತ್ತು ಬರೆದಿದ್ದನ್ನ ಓದೋಣ ಬನ್ನಿ."

ಅವತ್ತು ಬರೆದದ್ದು ಬೇಕಾದಷ್ಟಿದೆ. ವೆಲ್ಲೆಸ್ಲಿ ಯುದ್ಧದ ನಡುವೆಯೂ ಡೇರೆಯಲ್ಲಿ ಕೂತು ಕಾಗದ ಬರೆಯುತ್ತಿದ್ದ. ಕೆಲವು ಮೇಲಿನವರಿಗೆ ವರದಿ, ಕೆಲವು ಗೆಳೆಯರಿಗೆ ಖಾಸಗಿ. ಗೆಳೆಯರಲ್ಲಿ ಇಬ್ಬರು ಮುಖ್ಯ. ಒಬ್ಬ ಬ್ಯಾರಿ ಕ್ಲೋಸ್, ಮೈಸೂರಿನ ಮೊದಲ ರೆಸಿಡೆಂಟ್. ರೆಸಿಡೆಂಟ್ ಅಂದ್ರೆ ಹೆಸರಿಗೆ ಕಂಪನಿಯ ರಾಯಭಾರಿ, ಕೆಲಸಕ್ಕೆ ಮೇಲ್ವಿಚಾರಕ. ಇನ್ನೊಬ್ಬ ಥಾಮಸ್ ಮನ್ರೋ, ಆಗ ಕೆನರಾದ ಕಲೆಕ್ಟರ್. ಟಿಪ್ಪು ಸತ್ತ ಮೇಲೆ ಮೈಸೂರು ರಾಜ್ಯವನ್ನು ಹಂಚಿದ ಆಯೋಗದಲ್ಲಿ ವೆಲ್ಲೆಸ್ಲಿ ಮತ್ತು ಕ್ಲೋಸ್ ಸದಸ್ಯರು, ಮನ್ರೋ ಕಾರ್ಯದರ್ಶಿಗಳಲ್ಲಿ ಒಬ್ಬ. ಅಂದರೆ ನಮ್ಮ ಸೀಮೆಯ ಗಡಿಗೆರೆಗಳನ್ನು ಎಳೆದವರೇ ಪರಸ್ಪರ ಬರೆದುಕೊಂಡ ಕಾಗದಗಳು ಇವು. 1834ರಿಂದ ಗರ್ವುಡ್ ಎಂಬ ಸೇನಾಧಿಕಾರಿ ವೆಲ್ಲೆಸ್ಲಿಯ ಪತ್ರಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದ. ಯಾರನ್ನಾದರೂ ಬೈದ ಕಡೆ ಹೆಸರಿನ ಜಾಗ ಖಾಲಿ ಬಿಟ್ಟ. ಮೂಲ ಕಾಗದಗಳ ದೊಡ್ಡ ಸಂಗ್ರಹ ಇವತ್ತು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿದೆ. ಅಚ್ಚಾದ ಸಂಪುಟಗಳು ಹಳೆಯವು, ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ, ಪಿಡಿಎಫ್ ಪುಕ್ಕಟೆ ಸಿಗುತ್ತೆ.

ಮೊದಲ ದಿನ ಕಂಟ್ರೋಲ್ ಎಫ್ ಒತ್ತಿ 'ತುಂಗಭದ್ರಾ' ಹುಡುಕಿದ್ವಿ. ಸೊನ್ನೆ. 'ಚಿತ್ರದುರ್ಗ' ಸೊನ್ನೆ. ಹೊನ್ನಾಳಿಗೆ ಸಿಟ್ಟು ಬಂತು, ನಮ್ಮ ಹೊಳೆ ದಾಟದೆ ಇವರು ಹೆಂಗೆ ಹೋದ್ರು ಅಂತ. ಆಮೇಲೆ ತಿಳಿಯಿತು. ಅವರ ಕಿವಿಗೆ ತುಂಗಭದ್ರಾ 'ಟೂಂಬುಡ್ರಾ', ಚಿತ್ರದುರ್ಗ 'ಚಿಟ್ಟಲ್‌ಡ್ರೂಗ್', ಹರಿಹರ 'ಹರ್ರಿಹರ್', ರಾಣೆಬೆನ್ನೂರು 'ರಾಣಿ ಬೆಡ್ನೋರ್', ಧೋಂಡಿಯ 'ಧೂಂಡಿಯಾ'. ನ್ಯಾಮತಿ ಒಂದು ಪಟ್ಟಿ ಮಾಡಿದಳು, ಎಡಗಡೆ ನಮ್ಮ ಹೆಸರು, ಬಲಗಡೆ ಅವರ ಹೆಸರು. ಪಟ್ಟಿ ಕೈಗೆ ಬಂದ ಮೇಲೆ ನಮ್ಮ ಊರುಗಳು ಪುಟ ಪುಟದಲ್ಲೂ ಎದ್ದು ಬಂದವು.

ಧೋಂಡಿಯನ ಕಥೆ ಹೀಗಿದೆ. ಚನ್ನಗಿರಿಯ ಮರಾಠಾ ಮನೆತನದವನು. ಹೈದರನ ಕಾಲಕ್ಕೆ ಮೈಸೂರು ಕುದುರೆ ಪಡೆಗೆ ಸೇರಿದ. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಬಿಟ್ಟು ಬಂದು, ಸವಣೂರು ಲಕ್ಷ್ಮೇಶ್ವರದ ಕಡೆ ಸ್ವಂತ ದಂಡು ಕಟ್ಟಿದ. ಪೇಶ್ವೆಯ ಸರದಾರ ಧೋಂಡೋಪಂತ್ ಗೋಖಲೆ ಅವನನ್ನು ಸೋಲಿಸಿದಾಗ, 1794ರಲ್ಲಿ ಟಿಪ್ಪುವಿನ ಆಶ್ರಯಕ್ಕೆ ಬಂದ. ಆಶ್ರಯ ಸೆರೆಮನೆಯಾಯಿತು. ಸಂಕೋಲೆ ಬಿದ್ದಲ್ಲೇ ವರ್ಷಗಳು ಕಳೆದವು.

ಇತ್ತ ಜಗತ್ತು ತಲೆಕೆಳಗಾಗುತ್ತಿತ್ತು. 1789ರಲ್ಲಿ ಪ್ಯಾರಿಸ್‌ನಲ್ಲಿ ಕ್ರಾಂತಿ, 1793ರಲ್ಲಿ ಅಲ್ಲಿನ ರಾಜನ ತಲೆ ಉರುಳಿತು. ಟಿಪ್ಪು ಕ್ರಾಂತಿಯ ಫ್ರಾನ್ಸಿನ ಸಹಾಯ ಕೇಳಿ ಮಾರಿಷಸ್‌ಗೆ ದೂತರನ್ನು ಕಳಿಸಿದ. ಅಲ್ಲಿನ ಗವರ್ನರ್ ಮಲಾರ್ಟಿಕ್ ಗುಟ್ಟಾಗಿಡಬೇಕಾದ ಮಾತನ್ನು 1798ರ ಜನವರಿಯಲ್ಲಿ ಡಂಗುರ ಹೊಡೆದ ಹಾಗೆ ಪ್ರಕಟಣೆ ಹೊರಡಿಸಿಬಿಟ್ಟ. 1799ರ ಆರಂಭದಲ್ಲಿ ಈಜಿಪ್ಟಿನಲ್ಲಿದ್ದ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಒಂದು ಪ್ರಕಟಣೆ, ಒಂದು ಕಾಗದ. ಯುದ್ಧಕ್ಕೆ ನೆಪ ಹುಡುಕುತ್ತಿದ್ದವರಿಗೆ ಇನ್ನೇನು ಬೇಕು? 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ಗದ್ದಲದಲ್ಲಿ ಸೆರೆಮನೆಯ ಬಾಗಿಲು ತೆರೆಯಿತು, ಧೋಂಡಿಯ ಹೊರಗೆ ಬಂದ.

ಬಂದವನು ತಲೆಮರೆಸಿಕೊಂಡು ಕೂರಲಿಲ್ಲ. ಕೆಲಸ ಕಳೆದುಕೊಂಡ ಟಿಪ್ಪುವಿನ ಸೈನಿಕರನ್ನು ಕೂಡಿಸಿಕೊಂಡು ಬಿದನೂರು, ಶಿಕಾರಿಪುರ, ಹೊನ್ನಾಳಿ, ಹರಿಹರದ ಸೀಮೆಯಲ್ಲಿ ಎದ್ದು ನಿಂತ. 1799ರ ಆಗಸ್ಟಿನಲ್ಲಿ ಕಂಪನಿಯ ಪಡೆ ಅಟ್ಟಿದಾಗ ಹೊಳೆ ದಾಟಿ ಮರಾಠರ ನಾಡಿಗೆ ಹೋದ. ಮುಂದಿನ ಬೇಸಿಗೆಗೆ ಇನ್ನೂ ದೊಡ್ಡ ದಂಡಿನೊಂದಿಗೆ ವಾಪಸ್. ತನ್ನನ್ನು 'ಉಭಯ ಲೋಕಾಧೀಶ್ವರ' ಅಂತ ಕರೆದುಕೊಂಡ. ಇಂಗ್ಲಿಷ್ ಅಧಿಕಾರಿಗಳಿಗೆ ಈ ಬಿರುದು ನಗೆಯ ವಿಷಯ, ಪತ್ರಗಳಲ್ಲಿ ಅದನ್ನೇ ಹಿಡಿದು ಚೇಷ್ಟೆ ಮಾಡುತ್ತಾರೆ. ಆದರೆ ನಗುವಷ್ಟು ಸಣ್ಣವನಾಗಿದ್ದರೆ ವೆಲ್ಲೆಸ್ಲಿ ಬಟೇವಿಯಾ ದಂಡಯಾತ್ರೆಯ ನಾಯಕತ್ವ ಬಿಡುತ್ತಿರಲಿಲ್ಲ. ಅದೇ ಮೇ ತಿಂಗಳಲ್ಲಿ ಆ ಅವಕಾಶ ಬಂದಿತ್ತು. ಕೊಡುತ್ತಿದ್ದವನು ಸ್ವಂತ ಅಣ್ಣ, ಗವರ್ನರ್ ಜನರಲ್. ಧೋಂಡಿಯನ ಲೆಕ್ಕ ಮುಗಿಯದೆ ಹೋಗುವಂತಿಲ್ಲ ಎಂದು ತಮ್ಮ ಇಲ್ಲೇ ಉಳಿದ.

ಈ ಪತ್ರಗಳಲ್ಲಿ ಕತ್ತಿಗಿಂತ ಎತ್ತು ಜಾಸ್ತಿ. ಅಕ್ಕಿ ಎಷ್ಟು ದಿನಕ್ಕಿದೆ, ಎತ್ತಿಗೆ ಮೇವೆಲ್ಲಿ, ಘಟ್ಟದ ಕೆಳಗಿನಿಂದ ಮನ್ರೋ ಎಷ್ಟು ಅಕ್ಕಿ ಕಳಿಸಬಲ್ಲ, ಹೊಳೆ ದಾಟಲು ದೋಣಿ ಎಷ್ಟು. ಹೊನ್ನಾಳಿಗೆ ಇದು ಸಿಕ್ಕಾಪಟ್ಟೆ ಇಷ್ಟ ಆಯ್ತು. ಜೂನ್‌ನಲ್ಲಿ ಹರಿಹರದ ಹತ್ತಿರ ತುಂಬಿದ ತುಂಗಭದ್ರೆಯನ್ನು ಸೈನ್ಯ ದಾಟಿತು. ಬಿದಿರು ಹೆಣೆದು ತೊಗಲು ಹೊದಿಸಿದ ಬುಟ್ಟಿದೋಣಿ, ಅಂದ್ರೆ ನಮ್ಮ ಹರಿಗೋಲು, ಅವನ ಯುದ್ಧದ ಲೆಕ್ಕಾಚಾರದಲ್ಲಿ ಪೂರ್ತಿ ಒಂದು ಅಧ್ಯಾಯ. ಈ ಬೆನ್ನಟ್ಟುವಿಕೆಯಿಂದ ಕಲಿತ ಪಾಠವನ್ನು ಆಮೇಲೆ ಅವನು ಟಿಪ್ಪಣಿಯಾಗಿ ಬರೆದ: ಮಳೆಗಾಲದಲ್ಲಿ ಹೊಳೆಗಳು ತುಂಬಿದಾಗಲೇ ಮರಾಠಾ ಕುದುರೆಪಡೆಯ ಮೇಲೆ ಹೋಗಬೇಕು, ಏಕೆಂದರೆ ದೋಣಿಯ ವ್ಯವಸ್ಥೆ ಇದ್ದವನಿಗೆ ಹೊಳೆ ದಾರಿ, ಇಲ್ಲದವನಿಗೆ ಗೋಡೆ. ಎಲ್ಲರೂ ಅಡ್ಡಿ ಅಂದುಕೊಂಡದ್ದನ್ನು ಅನುಕೂಲ ಮಾಡಿಕೊಳ್ಳೋದು. "ಇದನ್ನ ನಮ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರ್‌ಗೆ ಹಾಕಬಹುದಿತ್ತು" ಅಂದಳು ಹೊನ್ನಾಳಿ.

ಅಕ್ಕಿ ಹೊತ್ತವರು ಯಾರು? ಪತ್ರಗಳಲ್ಲಿ ಪದೇ ಪದೇ ಬರುವ ಒಂದು ಪದ 'ಬ್ರಿಂಜಾರಿ', ಒಮ್ಮೊಮ್ಮೆ 'ಬಂಜಾರಿ'. ನ್ಯಾಮತಿ ಆ ಪದದ ಮೇಲೆ ಬೆರಳಿಟ್ಟು ಸುಮ್ಮನೆ ಕೂತಳು. ಅವಳ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯ ಜಯಂತಿಗೆ ದೇಶದ ಮೂಲೆ ಮೂಲೆಯಿಂದ ಬಂಜಾರ ಜನ ಅಲ್ಲಿಗೆ ಬರ್ತಾರೆ. ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖನ್ನಿನ ಉದ್ದಗಲ ನಡೆದ ಸಮುದಾಯ ಅದು. ಎರಡೂ ಕಡೆಯ ಸೈನ್ಯಕ್ಕೆ ಅನ್ನ ಹೊತ್ತವರು ಅವರೇ. ವೆಲ್ಲೆಸ್ಲಿಗೂ ಬಂಜಾರರು ಬೇಕು, ಧೋಂಡಿಯನ ಬಂಜಾರರ ಮೇಲೆ ಅವನಿಗೆ ಕಣ್ಣು. "ನಮ್ಮಜ್ಜಂದಿರು ಎರಡೂ ಕಡೆ ಇದ್ರು. ಒಬ್ಬರ ಹೆಸರೂ ಇಲ್ಲ, ಎತ್ತಿನ ಲೆಕ್ಕದ ಪಕ್ಕ ಬರೀ ಜಾತಿಯ ಹೆಸರು" ಅಂದಳು.

ಆಮೇಲೆ ಆಗಸ್ಟ್ 1ರ ಪತ್ರಕ್ಕೆ ಬಂದ್ವಿ. ಮನ್ರೋಗೆ ಬರೆದದ್ದು. ಎರಡು ದಿನದ ಹಿಂದೆ, ಜುಲೈ 30ರಂದು, ಮಲಪ್ರಭೆಯ ದಂಡೆಯಲ್ಲಿ ಮುನವಳ್ಳಿಯ ಎದುರು ಧೋಂಡಿಯನ ಸಾಮಾನು ಸರಂಜಾಮಿನ ಬಿಡಾರದ ಮೇಲೆ ವೆಲ್ಲೆಸ್ಲಿ ಬಿದ್ದಿದ್ದ. ಗೆಳೆಯನಿಗೆ ಆರಾಮಾಗಿ ಬರೆಯುತ್ತಾನೆ: ಸಾಮಾನು, 6 ತೋಪು ಹಿಡಿದೆ, ಸುಮಾರು 5000 ಜನರನ್ನು ಹೊಳೆಗೆ ಅಟ್ಟಿದೆ, ಅವರು ಮುಳುಗಿದರು. ಅದಾದ ಮೇಲೆ ಒಂದು ತಮಾಷೆ, ಧೋಂಡಿಯನ ಹಿಂಬಾಲಕರಿಗೆ ಈ ಆಟ ಈಗ ಅಷ್ಟೇನೂ ರುಚಿಸುತ್ತಿಲ್ಲ, ಜಾಗ ಖಾಲಿ ಮಾಡುತ್ತಿದ್ದಾರೆ ಎಂದು. ಕೊನೆಗೆ ಹೆಮ್ಮೆ: ಆ ಒಂದೇ ದಿನ 26 ಮೈಲಿ ನಡೆದೆ, ಈ ದೇಶದಲ್ಲಿ ಅದೇನು ಸಣ್ಣ ಕೆಲಸವಲ್ಲ ಎಂದು.

26 ಮೈಲಿ ಅಂದ್ರೆ ಸುಮಾರು 42 ಕಿಲೋಮೀಟರ್. ಮಳೆಗಾಲದ ಕಪ್ಪು ಮಣ್ಣಿನಲ್ಲಿ, ತೋಪು ಎಳೆದುಕೊಂಡು. ಅದು ಸಾಧನೆಯೇ. ಆದರೆ ನಾವು ಓದು ನಿಲ್ಲಿಸಿದ್ದು ಅದರ ಹಿಂದಿನ ಸಾಲಿಗೆ. 5000 ಜನ. ಅದು ಸಾಮಾನಿನ ಬಿಡಾರ. ಇಂಥ ದಂಡಿನ ಬಿಡಾರದಲ್ಲಿ ಕುದುರೆ ಸವಾರರಿಗಿಂತ ಅಡುಗೆಯವರು, ಮೇವಿನವರು, ವ್ಯಾಪಾರಿಗಳು, ಸೈನಿಕರ ಸಂಸಾರಗಳು ಹೆಚ್ಚಿರುತ್ತಿದ್ದವು. ಆ ಸಂಖ್ಯೆಯನ್ನು ಅವನು ಎಣಿಸಿ ಬರೆದನೋ ಅಂದಾಜಿಗೆ ಬರೆದನೋ, ಬರೆದ ಕೈ ನಡುಗಿಲ್ಲ. ಜಗಳೂರು ಎದ್ದು ಕಿಟಕಿ ಹತ್ತಿರ ಹೋದ. ಕೆಳಗೆ ಮೈದಾನದಲ್ಲಿ ಪೂರ್ತಿ ಕಾಲೇಜಿನ ಹುಡುಗರು ಕ್ರೀಡಾಕೂಟಕ್ಕೆ ಸೇರಿದ್ರು. "ನಮ್ಮ ಕಾಲೇಜು ಇಷ್ಟೂ ಸೇರಿದ್ರೂ ಅಷ್ಟಾಗಲ್ಲ ಕಣ್ರೋ" ಅಂದ. ಅವತ್ತು ಮುಂದಕ್ಕೆ ಓದಲಿಲ್ಲ.

ಹಾಗಂತ ವೆಲ್ಲೆಸ್ಲಿಯನ್ನು ರಾಕ್ಷಸ ಅಂತ ಫೈಲು ಮುಚ್ಚೋಕೂ ಪತ್ರಗಳು ಬಿಡುವುದಿಲ್ಲ. ಧೋಂಡಿಯನನ್ನು ಗುಟ್ಟಾಗಿ ಕೊಲ್ಲಿಸುತ್ತೇವೆ, ದುಡ್ಡು ಕೊಡಿ ಎಂಬ ಪ್ರಸ್ತಾಪ ಅವನ ಮುಂದೆ ಬಂದಿತ್ತು. ಅವನು ಒಪ್ಪಲಿಲ್ಲ. ತಲೆಗೆ ಇಷ್ಟು ಎಂದು ಬಹಿರಂಗವಾಗಿ ಸಾರುವುದು ಬೇರೆ, ಒಳಗೊಳಗೇ ಕೊಲೆಯ ವ್ಯಾಪಾರ ಕುದುರಿಸುವುದು ಬೇರೆ, ಸೈನ್ಯದ ಮುಂದೆ ನಿಂತ ಅಧಿಕಾರಿ ಎರಡನೆಯದನ್ನು ಮಾಡಲಾರ ಅನ್ನುವುದು ಅವನ ವಾದ. ಕೇಳಿದ ಕೂಡಲೇ ಮರಕ್ಕೆ ನೇಣು ಹಾಕಲು ಹೊರಟವನಿಗೂ ಒಂದು ಗೆರೆ ಇತ್ತು. ಆ ಗೆರೆ ಎಲ್ಲಿತ್ತು ಅನ್ನೋದು ನಮಗೆ ವಿಚಿತ್ರ ಅನಿಸಿತು, ಆದರೆ ಇತ್ತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆಗಸ್ಟ್ 20ರ ಪತ್ರ. ಅದೂ ಮನ್ರೋಗೆ. ಕಂಪನಿ ಇನ್ನಷ್ಟು ನಾಡು ನುಂಗಬೇಕೋ ಬೇಡವೋ ಎಂಬ ಚರ್ಚೆ. ಮನ್ರೋಗೆ ಬೇಕು, ವೆಲ್ಲೆಸ್ಲಿಗೆ ಅನುಮಾನ. ನಮ್ಮ ಕೈಲಾಗುವುದಕ್ಕಿಂತ ಹೆಚ್ಚು ಹಬ್ಬಿದ್ದೇವೆ ಅನ್ನುತ್ತಾನೆ. ನಾವು ಹೋದಲ್ಲೆಲ್ಲ ಕಂದಾಯ ನೋಡಿಕೊಳ್ಳುತ್ತಿದ್ದವರು, ಸೈನ್ಯದಲ್ಲಿದ್ದವರು, ದಂಡು ನಡೆಸಿದವರು ಎಲ್ಲರ ಕೆಲಸವೂ ಹೋಗುತ್ತೆ, ಹೊಟ್ಟೆಗೆ ದಾರಿ ತಪ್ಪುತ್ತೆ, ಅವರೆಲ್ಲ ನಮಗೆ ಹೊಸ ಶತ್ರುಗಳಾಗುತ್ತಾರೆ ಎನ್ನುತ್ತಾನೆ. ಚನ್ನಗಿರಿ ಇದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಧೋಂಡಿಯನ ದಂಡು ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ಉತ್ತರ, ಅದೂ ಅವನನ್ನು ಬೆನ್ನಟ್ಟುತ್ತಿದ್ದವನ ಬಾಯಲ್ಲೇ! ಆಜ್ಞೆಯಲ್ಲಿ ಅವನು ಮರಕ್ಕೆ ನೇತುಹಾಕಬೇಕಾದ ದರೋಡೆಕೋರ. ಗೆಳೆಯನಿಗೆ ಬರೆದ ಕಾಗದದಲ್ಲಿ, ಅಂಥವರು ಹುಟ್ಟೋದು ನಮ್ಮಿಂದಲೇ ಎಂಬ ತಿಳಿವಳಿಕೆ. ಎರಡೂ ಒಂದೇ ಬೇಸಿಗೆ, ಒಂದೇ ಮಳೆಗಾಲದ ಮಾತು.

ಫೈನಲ್ ಇಯರ್‌ನವರಿಗೆ ಈ ಮಾತು ಬೇರೆ ಥರವೇ ತಾಗುತ್ತೆ ಬಿಡಿ. ಶ್ರೀರಂಗಪಟ್ಟಣ ಬಿದ್ದ ದಿನ ಸಾವಿರಾರು ಸೈನಿಕರಿಗೆ ಸಂಬಳ ನಿಂತಿತು. ಕಲಿತಿದ್ದು ಒಂದೇ ವಿದ್ಯೆ, ಕುದುರೆ ಮತ್ತು ಕತ್ತಿ. ಕೊಳ್ಳುವ ರಾಜನೇ ಇಲ್ಲ. ಆಗ ಒಬ್ಬ ಬಂದು 'ನನ್ನ ಜೊತೆ ಬಾ, ಊಟ ಇದೆ' ಅಂದ. ಹೋದವರೆಲ್ಲ ದೇಶಭಕ್ತರಾಗಿರಬೇಕಿಲ್ಲ, ಕಳ್ಳರೂ ಆಗಿರಬೇಕಿಲ್ಲ. ಮನೆಯಲ್ಲಿ ಒಲೆ ಉರಿಯಬೇಕಿತ್ತು. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಹುಡುಕಿ ಹುಡುಕಿ ಸುಸ್ತಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಈ ನಾಡಿನ ಜನರ ಇಷ್ಟಾನಿಷ್ಟವನ್ನು ನಾನು ಲೆಕ್ಕಕ್ಕೇ ತಗೊಳ್ಳೋದಿಲ್ಲ ಎನ್ನುತ್ತಾನೆ. ಯಾರು ಆಳಿದರೂ ಇವರಿಗೆ ಒಂದೇ, ಉದಾಸೀನವೇ ತತ್ತ್ವಜ್ಞಾನ ಅನ್ನುವುದಾದರೆ ಆಳುವವರ ವಿಷಯದಲ್ಲಿ ತಾನು ಕಂಡ ನಿಜವಾದ ತತ್ತ್ವಜ್ಞಾನಿಗಳು ಇವರೊಬ್ಬರೇ ಎಂದು ಚುಚ್ಚುತ್ತಾನೆ. ಇಲ್ಲಿ ನಮ್ಮ ನಾಲ್ವರ ಅಭಿಪ್ರಾಯವೂ ಒಂದಾಯಿತು, ಅಪರೂಪಕ್ಕೆ. ಜಗಳೂರಿನ ಮಾತು ನೆನಪಿದೆ. ಅವರ ತಾಲ್ಲೂಕು ಬರಗಾಲಕ್ಕೆ ಹೆಸರಾದದ್ದು. "ನಮ್ಮಲ್ಲಿ ಮಳೆ ಬರದಿದ್ದಾಗ ಜನ ಆಕಾಶ ನೋಡಿ ಸುಮ್ಮನೆ ಕೂತಿರ್ತಾರೆ. ಹೊರಗಿಂದ ಬಂದೋರಿಗೆ ಅದು ಉದಾಸೀನ ಥರ ಕಾಣುತ್ತೆ. ಅವರು ಬೀಜ ಎತ್ತಿಟ್ಟಿರ್ತಾರೆ ಅನ್ನೋದು ಕಾಣಲ್ಲ." ಹೈದರ್, ಟಿಪ್ಪು, ಪೇಶ್ವೆ, ನಿಜಾಮ, ಕಂಪನಿ, ನಡುವೆ ಧೋಂಡಿಯ. ಒಂದೇ ತಲೆಮಾರಿನಲ್ಲಿ ಇಷ್ಟು ಜನರ ಕುದುರೆಗಳು ಹೊಲ ತುಳಿದ ಮೇಲೆ, ಡೇರೆಯಿಂದ ಬಂದ ಪರದೇಶಿ ಅಧಿಕಾರಿ 'ನಿನಗೆ ಯಾರು ಇಷ್ಟ' ಅಂದ್ರೆ ರೈತ ಏನಂತಾನೆ? ಯಾರಾದರೇನು ಸ್ವಾಮಿ ಅಂತಾನೆ. ಜೀವ ಉಳಿಸೋ ಉತ್ತರ ಅದೊಂದೇ.

ಕೊನೆ ಬೇಗ ಬಂತು. 1800ರ ಸೆಪ್ಟೆಂಬರ್ 10ರಂದು, ಈಗಿನ ರಾಯಚೂರು ಜಿಲ್ಲೆಯ ಕೋಣಗಲ್ಲಿನ ಹತ್ತಿರ, ಸುಮಾರು 5000 ಕುದುರೆಗಳ ಧೋಂಡಿಯನಿಗೆ ವೆಲ್ಲೆಸ್ಲಿಯ ನಾಲ್ಕು ಅಶ್ವದಳಗಳು ಎದುರಾದವು. ವೆಲ್ಲೆಸ್ಲಿ ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯ ಸತ್ತ. ಹೆಣವನ್ನು ಗುರುತಿಸಿ ತೋಪಿನ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು. ಸುದ್ದಿ ತಿಳಿದ ಮನ್ರೋ ಕೀಟಲೆಯ ಪತ್ರ ಬರೆದ. ನೀನೂ ನಿನ್ನ ರಾಜಹಂತಕ ಸೈನ್ಯವೂ ಅಡ್ಡ ಬರದಿದ್ದರೆ ಧೋಂಡಿಯ ಒಂದು ಹೊಸ ರಾಜವಂಶವನ್ನೇ ಸ್ಥಾಪಿಸುತ್ತಿದ್ದ ಎಂಬುದು ತಾತ್ಪರ್ಯ. ರಾಜಹಂತಕ ಅನ್ನೋದು ಪ್ಯಾರಿಸ್‌ನಲ್ಲಿ ರಾಜನ ತಲೆ ಕಡಿದವರಿಗೆ ಇಂಗ್ಲಿಷರು ಇಟ್ಟ ಹೆಸರು. ತಮಾಷೆಗೇ ಅಂದದ್ದು, ಆದರೆ ಹೈದರನೂ ಹೀಗೇ ಕುದುರೆ ಏರಿ ಬಂದವನಲ್ಲವೇ? ಗೆದ್ದಿದ್ದರೆ ಇವನ ಹೆಸರಿನ ಮುಂದೆಯೂ ನವಾಬ ಎಂದೇ ಬರೆಯುತ್ತಿದ್ದರು.

ಚಾರ್ಟಿನ ಕಥೆ ಹೇಳಿಬಿಡ್ತೀವಿ. 'ಸ್ವಾತಂತ್ರ್ಯ ವೀರ' ಅಂತಲೂ ಉಳಿಯಲಿಲ್ಲ, 'ದರೋಡೆಕೋರ' ಅಂತಲೂ ಬರೆಯಲಿಲ್ಲ. ಮೇಲೆ ಬರೀ 'ಧೋಂಡಿಯ ವಾಘ್, ಚನ್ನಗಿರಿ'. ಕೆಳಗೆ ಎರಡು ಕಂಬಸಾಲು: ವರದಿಯಲ್ಲಿ ಏನೆಂದರು, ಖಾಸಗಿ ಕಾಗದದಲ್ಲಿ ಏನೆಂದರು. ಮೂರನೇ ಕಂಬಸಾಲಿಗೆ ನ್ಯಾಮತಿ 'ಅವನೇ ಏನೆಂದ' ಅಂತ ತಲೆಬರಹ ಕೊಟ್ಟು ಖಾಲಿ ಬಿಟ್ಟಳು. ನಾವು ಓದಿದ ಅಷ್ಟೂ ಪುಟಗಳಲ್ಲಿ ಅವನ ಸ್ವಂತ ದನಿ ನಮಗೆ ಕೇಳಿರಲಿಲ್ಲ. ಅವನ ಬಿರುದು ಕೂಡ ಅವನನ್ನು ನೋಡಿ ನಕ್ಕವರ ಕಾಗದದಲ್ಲೇ ಸಿಕ್ಕಿದ್ದು. ನೋಡಲು ಬಂದ ಹಲವರು ಆ ಖಾಲಿ ಜಾಗ ನೋಡಿ 'ಪ್ರಿಂಟ್ ಬಿಟ್ಟುಹೋಗಿದೆ' ಅಂದ್ರು. ಚನ್ನಗಿರಿ ಈಗಲೂ ಅವನನ್ನು ವೀರ ಅಂತಾನೆ, ಜಗಳೂರು ಈಗಲೂ ಲೂಟಿಯ ಮಾತು ಬಿಡಲ್ಲ. ಆದ್ರೆ ಇಬ್ಬರೂ ಈಗ ಪತ್ರದ ತಾರೀಖು ಹಿಡಿದು ಜಗಳ ಆಡ್ತಾರೆ.

ಕೋಣಗಲ್ಲಿನ ದಿನ ಸಾಮಾನಿನ ನಡುವೆ ನಾಲ್ಕು ವರ್ಷದ ಆಸುಪಾಸಿನ ಒಂದು ಗಂಡುಮಗು ಸಿಕ್ಕಿತು. ಧೋಂಡಿಯನ ಮಗ, ಸಲಾಬತ್ ಖಾನ್. ಅದನ್ನು ವೆಲ್ಲೆಸ್ಲಿಯ ಡೇರೆಗೆ ತಂದರು. ಅವನು ಆ ಮಗುವನ್ನು ಸಾಕುವ ಜವಾಬ್ದಾರಿ ಹೊತ್ತ, 1805ರಲ್ಲಿ ಇಂಡಿಯಾ ಬಿಡುವಾಗ ಅದರ ಖರ್ಚಿಗೆ ಹಣ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿದ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ಮಲಪ್ರಭೆಗೆ ಜನರನ್ನು ಅಟ್ಟಿದ ಕೈ ಮತ್ತು ಈ ಮಗುವನ್ನು ಎತ್ತಿಕೊಂಡ ಕೈ ಒಂದೇ. ಎರಡರ ನಡುವೆ ಆರು ವಾರ. ಒಂದನ್ನು ಮರೆಸೋಕೆ ಇನ್ನೊಂದನ್ನು ಹೇಳಬಾರದು ಅಂತ ನಾವು ಒಪ್ಪಂದ ಮಾಡಿಕೊಂಡಿದೀವಿ.

ನಿಮ್ಮ ತಾಲ್ಲೂಕಿನಲ್ಲೂ ಒಬ್ಬ ಇರ್ತಾನೆ, ಒಬ್ಬಳು ಇರ್ತಾಳೆ. ಅರ್ಧ ಊರು ಹೊಗಳುತ್ತೆ, ಅರ್ಧ ಊರು ತೆಗಳುತ್ತೆ. ಸೆಮಿಸ್ಟರ್ ರಜೆಯಲ್ಲಿ ಅವರ ಬಗ್ಗೆ ಆ ಕಾಲದ ಒಂದು ಕಾಗದ ಹುಡುಕಿ ಓದಿ. ಊರಿನ ಹೆಸರು ವಕ್ರವಾಗಿ ಬರೆದಿರ್ತಾರೆ, ಹತ್ತು ಥರ ಬರೆದು ಹುಡುಕಿ. ನ್ಯಾಮತಿಯ ಪಟ್ಟಿ ಬೇಕಾದವರು ಕನ್ನಡ ಸಂಘದ ಕೋಣೆಗೆ ಬನ್ನಿ. ಅದರಲ್ಲಿ ಇದುವರೆಗೆ ನಮ್ಮ ಕಡೆಯ ಹೆಸರುಗಳಷ್ಟೇ ಇವೆ, ಉಳಿದದ್ದು ನೀವು ತುಂಬಬೇಕು.